ಆಲ್ಟ್ ಒತ್ತಿದರೆ ಮ್ಯಾಕ್‌ನಲ್ಲಿ ಮೆನು ಯಾಕೆ ತೆರೆಯುವುದಿಲ್ಲ?

ಪ್ರಶ್ನೆ: ಧಾರವಾಡದಲ್ಲಿದ್ದೇನೆ. ಮನೆಯಲ್ಲೇ ಕೂತು ಪ್ರಕಾಶಕರಿಗೆ ಕರಡು ತಿದ್ದಿಕೊಡುತ್ತೇನೆ, ಜೊತೆಗೆ ಅನುವಾದವನ್ನೂ ಮಾಡುತ್ತೇನೆ. ಇಷ್ಟು ವರ್ಷ ವಿಂಡೋಸ್‌ನಲ್ಲೇ ಕೆಲಸ. ಬಲಗೈ ಮಣಿಕಟ್ಟಿನ ನೋವು ಶುರುವಾದ ಮೇಲೆ ಮೌಸ್ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದರು. ಆಗಿನಿಂದ ಎಲ್ಲವನ್ನೂ ಆಲ್ಟ್ ಕೀಯಿಂದಲೇ ಮಾಡುವ ರೂಢಿ: ಆಲ್ಟ್, ಆಮೇಲೆ ಎಫ್, ಆಮೇಲೆ ಎ ಒತ್ತಿದರೆ ಸೇವ್ ಆ್ಯಸ್, ಹೀಗೆ. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಇಲ್ಲ ಎಂದು ಮಗ ಮ್ಯಾಕ್‌ಬುಕ್ ಏರ್ ಕೊಡಿಸಿದ್ದಾನೆ. ಇಲ್ಲಿ ಆಲ್ಟ್ ಜೊತೆ ಎಫ್ ಒತ್ತಿದರೆ ಮೆನು ಬರುವುದಿಲ್ಲ, ಬಾಲ ಇರುವ ಒಂದು ವಿಚಿತ್ರ ಅಕ್ಷರ ಬೀಳುತ್ತದೆ. "ಮ್ಯಾಕ್ ಅಂದ್ರೆ ಟ್ರ್ಯಾಕ್‌ಪ್ಯಾಡ್ ಅಮ್ಮಾ, ಮೆನುಗೆಲ್ಲ ಕೀ ಇರಲ್ಲ" ಅನ್ನುತ್ತಾನೆ ಮಗ. ಕಂಟ್ರೋಲ್ ಮತ್ತು ಕಮಾಂಡ್ ಅದಲುಬದಲು ಮಾಡಿಕೊಳ್ಳಿ ಎಂದು ಒಬ್ಬರು, ಮ್ಯಾಕ್ ಒಳಗೇ ವಿಂಡೋಸ್ ಹಾಕಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ? ಹಳೆಯ ಪಿಸಿಗೆ ನಮ್ಮ ಯಜಮಾನರು ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಿಸಿಕೊಂಡಿದ್ದಾರೆ. ಅಲ್ಲಿಗೇ ವಾಪಸ್ ಹೋಗಲೇ?

ಉತ್ತರ: ಮೊದಲು ನಿಮ್ಮ ಮಗನ ಮಾತು ಇತ್ಯರ್ಥ ಮಾಡೋಣ. ಮ್ಯಾಕ್‌ನಲ್ಲಿ ಮೆನುಗೆ ಕೀ ಇದೆ. ಟ್ರ್ಯಾಕ್‌ಪ್ಯಾಡ್ ಮುಟ್ಟದೆ ಮೆನುವಿನ ಯಾವ ಮೂಲೆಗೆ ಬೇಕಾದರೂ ಹೋಗಬಹುದು. ಆದರೆ ಅದು ಆಲ್ಟ್ ಕೀಯಲ್ಲಿಲ್ಲ, ಎಲ್ಲಿದೆ ಎಂದು ಪರದೆಯ ಮೇಲೆ ಎಲ್ಲೂ ಬರೆದೂ ಇಲ್ಲ. ಹಾಗಾಗಿ ಮ್ಯಾಕ್ ಬಳಸಿ ಪಳಗಿದವರಿಗೂ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ. ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ, ಅವನಿಗೆ ಅದು ಬೇಕಾಗಿಲ್ಲ ಅಷ್ಟೆ.

ಕಚೇರಿಗಳಲ್ಲಿ ಕಂಪ್ಯೂಟರ್ ಬದಲಾದಾಗ ಸಿಬ್ಬಂದಿಗೆ ಹೊಸದನ್ನು ಕಲಿಸಿಕೊಡುವುದು ನನ್ನ ಕೆಲಸ. ಅಲ್ಲಿ ಕಾಪಿ, ಪೇಸ್ಟ್ ಬಗ್ಗೆ ಯಾರೂ ಹೆಚ್ಚು ದಿನ ಗೋಳಾಡುವುದಿಲ್ಲ. ಕಂಟ್ರೋಲ್+ಸಿ ಹೋಗಿ ಕಮಾಂಡ್+ಸಿ ಬಂತು ಎಂಬುದು ಬೇಗ ಕೈಗೆ ಹತ್ತುತ್ತದೆ. ಸಿಕ್ಕಿಹಾಕಿಕೊಳ್ಳುವವರು ನಿಮ್ಮಂತೆ ಆಲ್ಟ್ ನಂಬಿದವರು. ಯಾಕೆಂದರೆ ಶಾರ್ಟ್‌ಕಟ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ.

ಕಂಟ್ರೋಲ್+ಎಸ್ ಒತ್ತಿದರೆ ಕಡತ ಉಳಿಯುತ್ತದೆ. ಮೆನು ತೆರೆಯುವುದೇ ಇಲ್ಲ, ಆಜ್ಞೆ ನೇರವಾಗಿ ನಡೆದುಹೋಗುತ್ತದೆ. ಇದನ್ನು ಬಾಯಿಪಾಠ ಮಾಡಿಕೊಂಡಿರಬೇಕು. ಆಲ್ಟ್, ಎಫ್, ಎ ಎನ್ನುವುದು ಹಾಗಲ್ಲ. ಅದು ಮೆನುವಿನೊಳಗೆ ನಡೆದುಕೊಂಡು ಹೋಗುವ ದಾರಿ. ಪ್ರತಿ ಹೆಸರಿನ ಒಂದು ಅಕ್ಷರದ ಕೆಳಗೆ ಗೆರೆ ಇರುತ್ತದೆ, ಅದನ್ನು ನೋಡಿಕೊಂಡು ಮುಂದಿನ ಹೆಜ್ಜೆ ಇಡುತ್ತೀರಿ. ಏನನ್ನೂ ನೆನಪಿಡಬೇಕಾಗಿಲ್ಲ, ಯಾವತ್ತೂ ಬಳಸದ ಆಜ್ಞೆಯನ್ನೂ ಹುಡುಕಿ ಹಿಡಿಯಬಹುದು. ಇನ್ನೊಂದು ದೊಡ್ಡ ಅನುಕೂಲ ಯಾರ ಗಮನಕ್ಕೂ ಬರುವುದಿಲ್ಲ: ಕೀಗಳನ್ನು ಒಟ್ಟಿಗೆ ಅದುಮಬೇಕಿಲ್ಲ. ಆಲ್ಟ್ ಒತ್ತಿ ಬಿಟ್ಟು, ಎಫ್ ಒತ್ತಿ ಬಿಟ್ಟು, ಎ ಒತ್ತಿದರಾಯಿತು. ಕೈನೋವು ಇರುವ ನಿಮಗೆ ಅದು ಒಗ್ಗಿದ್ದರ ಗುಟ್ಟು ಇದೇ ಇರಬೇಕು.

ಮ್ಯಾಕ್‌ನಲ್ಲಿ ಮೊದಲನೆಯ ಬಗೆ ಧಾರಾಳವಾಗಿದೆ. ಎರಡನೆಯದು, ಅಂದರೆ ಗೆರೆ ಎಳೆದ ಅಕ್ಷರಗಳ ದಾರಿ, ಇಲ್ಲವೇ ಇಲ್ಲ. ನೀವು ಕಳೆದುಕೊಂಡಿದ್ದು ಅದನ್ನು.

ಯಾಕೆ ಹೀಗೆ ಎಂಬುದಕ್ಕೆ ಹಳೆಯ ಕಾರಣಗಳಿವೆ. 1984ರಲ್ಲಿ ಬಂದ ಮೊದಲ ಮೆಕಿಂತೋಷ್‌ನ ಕೀಬೋರ್ಡಿನಲ್ಲಿ ಬಾಣದ ಕೀಗಳೂ ಇರಲಿಲ್ಲ, ಎಫ್1, ಎಫ್2 ಸಾಲೂ ಇರಲಿಲ್ಲ. ಜನ ಮೌಸ್ ಹಿಡಿಯಲೇಬೇಕು ಎಂಬ ಹಟ ಅದು. ಆದರೆ ಆಪ್ಷನ್ ಕೀ, ಅಂದರೆ ನೀವು ಆಲ್ಟ್ ಎಂದು ಒತ್ತುತ್ತಿರುವ ಕೀ, ಮೊದಲ ದಿನದಿಂದಲೂ ಇತ್ತು, ಅದರ ಕೆಲಸ ವಿಶೇಷ ಅಕ್ಷರಗಳನ್ನು ಮೂಡಿಸುವುದು. ಇವತ್ತಿಗೂ ಅದೇ. ನಿಮ್ಮ ಬಾಲದ ಅಕ್ಷರ ಹಾಲೆಂಡಿನ ಹಳೆಯ ನಾಣ್ಯ ಫ್ಲೋರಿನ್‌ನ ಚಿಹ್ನೆ. ಆಪ್ಷನ್+ಪಿ ಒತ್ತಿ ನೋಡಿ, ಗಣಿತದ ಪೈ ಬರುತ್ತದೆ. ಆಪ್ಷನ್+ವಿ ಒತ್ತಿದರೆ ವರ್ಗಮೂಲದ ಚಿಹ್ನೆ.

ವಿಂಡೋಸ್ ಬೆಳೆದ ಮನೆಯೇ ಬೇರೆ. ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಪಿಸಿಗಳಲ್ಲಿ ಎಷ್ಟೋ ಕಡೆ ಮೌಸ್ ಇರಲಿಲ್ಲ. ಎಲ್ಲವೂ ಕೀಬೋರ್ಡಿನಿಂದ ಆಗಲೇಬೇಕಿತ್ತು. 1987ರಲ್ಲಿ ಐಬಿಎಂ ಕಂಪನಿ, ತಂತ್ರಾಂಶಗಳೆಲ್ಲ ಒಂದೇ ರೀತಿ ನಡೆದುಕೊಳ್ಳಲಿ ಎಂದು, ಸಿಯುಎ ಎಂಬ ನಿಯಮಾವಳಿ ಹೊರತಂದಿತು. ಸಹಾಯಕ್ಕೆ ಎಫ್1, ಮೆನುವಿಗೆ ಎಫ್10, ಕಿಟಕಿ ಮುಚ್ಚಲು ಆಲ್ಟ್+ಎಫ್4, ಅಕ್ಷರದ ಕೆಳಗಿನ ಗೆರೆ, ಇವೆಲ್ಲ ಗಟ್ಟಿಯಾಗಿದ್ದು ಆ ಪದ್ಧತಿಯಿಂದ. ಮೈಕ್ರೋಸಾಫ್ಟ್ ಅದನ್ನು ಬಿಡಲಿಲ್ಲ. ಆಫೀಸ್ 2007ರಲ್ಲಿ ಮೆನು ಹೋಗಿ ರಿಬ್ಬನ್, ಅಂದರೆ ಮೇಲ್ಗಡೆಯ ಗುಂಡಿಗಳ ಪಟ್ಟಿ, ಬಂದಾಗಲೂ ಆಲ್ಟ್ ಒತ್ತಿದರೆ ಅಕ್ಷರಗಳ ಚೀಟಿ ಏಳುವ ಹಾಗೆ ಮಾಡಿದರು.

ಒಟ್ಟಿನಲ್ಲಿ, ನಿಮ್ಮ ಮ್ಯಾಕ್ ಕೆಟ್ಟಿಲ್ಲ, ಯಾವ ಸೆಟ್ಟಿಂಗೂ ತಪ್ಪಿಲ್ಲ. ಆಲ್ಟ್ ಎಂದು ನೀವು ಒತ್ತುತ್ತಿರುವುದು ಬೇರೆ ಕೆಲಸದ ಕೀ.

ಇಲ್ಲೊಂದು ಎಚ್ಚರಿಕೆ, ಅದೂ ಕರಡು ತಿದ್ದುವವರಿಗೆ. ಹಳೆಯ ಅಭ್ಯಾಸದಿಂದ ಬೆರಳು ಆಲ್ಟ್ ಮೇಲೆ ಹೋದಾಗಲೆಲ್ಲ ಪುಟದಲ್ಲಿ ಏನೋ ಒಂದು ಬಿದ್ದಿರುತ್ತದೆ. ಬಾಲದ ಅಕ್ಷರವಾದರೆ ಕಣ್ಣಿಗೆ ಬೀಳುತ್ತದೆ. ಆಪ್ಷನ್+ಎಚ್ ಒತ್ತಿದ್ದರೆ ಬೀಳುವುದು ಮೇಲುಗಡೆಗೆ ಒಂದು ಪುಟ್ಟ ಚುಕ್ಕಿ ಮಾತ್ರ. ವಿಂಡೋಸ್‌ನಲ್ಲಿ ಹೋಮ್ ರಿಬ್ಬನ್‌ಗೆ ಹೋಗುವುದು ಅದೇ ಎಚ್ ಅಲ್ವಾ! ಆಪ್ಷನ್ ಜೊತೆ ಇ, ಯು, ಐ, ಎನ್ ಒತ್ತಿದರೆ ಇನ್ನೂ ಕಿರಿಕಿರಿ, ಮುಂದಿನ ಅಕ್ಷರದ ತಲೆಯ ಮೇಲೆ ಯುರೋಪಿನ ಭಾಷೆಗಳ ಗುರುತು ಕೂರುತ್ತದೆ. ಇವೆಲ್ಲ ಇಂಗ್ಲಿಷ್ ಕೀಬೋರ್ಡ್ ಆಯ್ಕೆಯಲ್ಲಿದ್ದಾಗಿನ ಮಾತು. ಈಗಾಗಲೇ ಮ್ಯಾಕ್‌ನಲ್ಲಿ ತಿದ್ದಿರುವ ಕಡತಗಳನ್ನು ಕಳಿಸುವ ಮುನ್ನ ಕಮಾಂಡ್+ಎಫ್ ಒತ್ತಿ ಹುಡುಕುವ ಪೆಟ್ಟಿಗೆ ತೆರೆಯಿರಿ. ಅದರೊಳಗೆ ಆಪ್ಷನ್+ಎಫ್ ಒತ್ತಿ ಆ ಅಕ್ಷರವನ್ನೇ ಹುಡುಕಿ. ನೀವು ಹೆಚ್ಚಾಗಿ ಬಳಸುತ್ತಿದ್ದ ಬೇರೆ ಅಕ್ಷರಗಳಿಗೂ ಹೀಗೇ ಮಾಡಿ.

ಈಗ ದಾರಿಗಳಿಗೆ ಬರೋಣ.

ಮ್ಯಾಕ್‌ನಲ್ಲಿ ಮೆನು ಪಟ್ಟಿಗೆ ಹೋಗುವ ಕೀ ಕಂಟ್ರೋಲ್+ಎಫ್2. ಲ್ಯಾಪ್‌ಟಾಪಿನಲ್ಲಿ ಎಫ್2 ಕೀ ಪರದೆಯ ಬೆಳಕು ಹೆಚ್ಚಿಸುವ ಕೆಲಸ ಮಾಡುತ್ತಿರುತ್ತದೆ, ಆದ್ದರಿಂದ ಎಡಮೂಲೆಯ ಎಫ್‌ಎನ್ ಕೀಯನ್ನೂ ಸೇರಿಸಿ ಒತ್ತಬೇಕು. ಹೊಸ ಮ್ಯಾಕ್‌ಗಳಲ್ಲಿ ಆ ಕೀ ಮೇಲೆ ಭೂಗೋಳದ ಚಿತ್ರವಿರುತ್ತದೆ. ಒತ್ತಿದ ಕೂಡಲೇ ಎಡತುದಿಯ ಆಪಲ್ ಗುರುತು ಬೆಳಗುತ್ತದೆ. ಅಲ್ಲಿಂದ ಬಾಣದ ಕೀಗಳಲ್ಲಿ ಓಡಾಡಬಹುದು. ಅದಕ್ಕಿಂತ ಚೆನ್ನಾಗಿರುವುದು ಅಕ್ಷರ ಟೈಪ್ ಮಾಡುವುದು. ಎಫ್ ಒತ್ತಿದರೆ ಫೈಲ್ ಮೇಲೆ ಬರುತ್ತೀರಿ. ಕೆಳಬಾಣ ಒತ್ತಿದರೆ ಮೆನು ಇಳಿಯುತ್ತದೆ. ಒಳಗೆ ಹೋದ ಮೇಲೆ ಬೇಕಾದ ಆಜ್ಞೆಯ ಮೊದಲ ಒಂದೆರಡು ಅಕ್ಷರ ಬೇಗಬೇಗ ಒತ್ತಿ, ಗುರುತು ಅಲ್ಲಿಗೆ ಜಿಗಿಯುತ್ತದೆ. ರಿಟರ್ನ್ ಒತ್ತಿದರೆ ಕೆಲಸ ಆಯಿತು. ಬೇಡವೆಂದರೆ ಎಸ್ಕೇಪ್.

ಇದು ಗೆರೆ ಎಳೆದ ಅಕ್ಷರದ ದಾರಿಗೆ ತೀರಾ ಹತ್ತಿರದ್ದು. ವ್ಯತ್ಯಾಸ ಒಂದೇ, ವಿಂಡೋಸ್‌ನಲ್ಲಿ ಗೆರೆ ಯಾವ ಅಕ್ಷರಕ್ಕೆ ಇರುತ್ತದೋ ಅದನ್ನೇ ಒತ್ತಬೇಕು, ಸೇವ್ ಆ್ಯಸ್‌ಗೆ ಎ ಇದ್ದ ಹಾಗೆ. ಮ್ಯಾಕ್‌ನಲ್ಲಿ ಯಾವಾಗಲೂ ಹೆಸರಿನ ಆರಂಭದಿಂದ ಟೈಪ್ ಮಾಡಬೇಕು. ಕನ್ನಡದಲ್ಲಿ ಬರೆಯುವವರು ಇನ್ನೊಂದು ನೋಡಿಕೊಳ್ಳಬೇಕು. ಮೆನುವಿನ ಹೆಸರುಗಳು ಇಂಗ್ಲಿಷಿನಲ್ಲಿದ್ದರೆ, ಅಕ್ಷರ ಒತ್ತುವ ಮೊದಲು ಕೀಬೋರ್ಡನ್ನೂ ಇಂಗ್ಲಿಷಿಗೆ ತಿರುಗಿಸಿಕೊಳ್ಳಿ. ಅದಕ್ಕೆ ಕಂಟ್ರೋಲ್+ಸ್ಪೇಸ್. ಬಾಣದ ಕೀಗಳಿಗೆ ಈ ತೊಂದರೆ ಇಲ್ಲ.

ವಿಂಡೋಸ್‌ನಿಂದ ಬಂದವರು ಟೂಲ್ಸ್ ಮೆನುವಿನಲ್ಲಿ ಆಪ್ಷನ್ಸ್ ಹುಡುಕಿ ಹುಡುಕಿ ಸುಸ್ತಾಗುತ್ತಾರೆ. ಮ್ಯಾಕ್‌ನಲ್ಲಿ ಸೆಟ್ಟಿಂಗ್ಸ್ ಇರುವುದು ತಂತ್ರಾಂಶದ ಹೆಸರೇ ಇರುವ ಮೆನುವಿನಲ್ಲಿ, ಆಪಲ್ ಗುರುತಿನ ಪಕ್ಕದಲ್ಲೇ. ನೇರವಾಗಿ ಹೋಗಲು ಕಮಾಂಡ್ ಮತ್ತು ಅಲ್ಪವಿರಾಮದ ಕೀ.

ಎಫ್‌ಎನ್, ಕಂಟ್ರೋಲ್, ಎಫ್2 ಮೂರನ್ನೂ ಒಟ್ಟಿಗೆ ಒತ್ತುವುದು ನೋವಿರುವ ಕೈಗೆ ಒಳ್ಳೆಯದಲ್ಲ. ಎರಡು ಕೀಗಳು ಕೆಳಗಿನ ಮೂಲೆಯಲ್ಲಿ, ಒಂದು ಮೇಲಿನ ಸಾಲಿನಲ್ಲಿ. ಬಲಗೈ ಉಳಿಸಲು ಹೋಗಿ ಎಡಗೈ ಕೆಡಿಸಿಕೊಂಡ ಹಾಗಾಗುತ್ತದೆ. ಅದಕ್ಕೇ ಇದನ್ನು ಬದಲಾಯಿಸಿಕೊಳ್ಳಿ. ಸಿಸ್ಟಂ ಸೆಟ್ಟಿಂಗ್ಸ್ ತೆರೆದು ಕೀಬೋರ್ಡ್ ಭಾಗಕ್ಕೆ ಹೋಗಿ. ಅಲ್ಲಿ ಕೀಬೋರ್ಡ್ ಶಾರ್ಟ್‌ಕಟ್ಸ್ ಎಂಬ ಗುಂಡಿ ಇದೆ. ಒಳಗೆ ಮತ್ತೆ ಕೀಬೋರ್ಡ್ ಎಂಬ ವಿಭಾಗ ಇದೆ. ಅದರಲ್ಲಿ ಮೂವ್ ಫೋಕಸ್ ಟು ದ ಮೆನು ಬಾರ್ ಎಂಬ ಸಾಲು ಹುಡುಕಿ, ಅದರ ಕೀಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿ ನಿಮಗೆ ಬೇಕಾದ ಜೋಡಿ ಒತ್ತಿ. ನಾನು ಹೆಚ್ಚಾಗಿ ಆಪ್ಷನ್+ಸ್ಪೇಸ್ ಹಾಕಿಕೊಡುತ್ತೇನೆ. ಎರಡೂ ಹೆಬ್ಬೆರಳಿನ ಹತ್ತಿರ ಇವೆ, ಹಳೆಯ ಆಲ್ಟ್ ನೆನಪೂ ಉಳಿಯುತ್ತದೆ. ಹಾಗೆ ಮಾಡಿದರೆ ಈ ಜೋಡಿಯಿಂದ ಸಾಲು ಮುರಿಯದ ಸ್ಪೇಸ್ (ಎರಡು ಪದಗಳನ್ನು ಒಂದೇ ಸಾಲಿನಲ್ಲಿ ಹಿಡಿದಿಡುವುದು) ಹಾಕುವ ಅನುಕೂಲ ಹೋಗುತ್ತದೆ, ಅದು ನಿಮಗೆ ಬೇಕೋ ನೋಡಿಕೊಳ್ಳಿ. ನೀವು ಬಳಸುವ ಕನ್ನಡ ವಿನ್ಯಾಸದಲ್ಲಿ ಆಪ್ಷನ್ ಜೋಡಿಗಳಿಗೆ ಏನು ಕೆಲಸ ಇದೆ ಎಂದು ಕೀಬೋರ್ಡ್ ವ್ಯೂವರ್ ತೆರೆದು ಒಮ್ಮೆ ಪರೀಕ್ಷಿಸಿ. ಅದು ಮೆನು ಪಟ್ಟಿಯ ಬಲಗಡೆ, ಭಾಷೆ ಬದಲಿಸುವ ಮೆನುವಿನಲ್ಲಿ ಸಿಗುತ್ತದೆ.

ಒಂದೊಂದೇ ಕೀ ಒತ್ತುವ ಸುಖ ಬೇಕೆಂದರೆ ಅದೂ ಇದೆ. ಸಿಸ್ಟಂ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಕೀಬೋರ್ಡ್ ಭಾಗಕ್ಕೆ ಹೋಗಿ ಸ್ಟಿಕಿ ಕೀಸ್ ಆನ್ ಮಾಡಿ. ಆಮೇಲೆ ಕಮಾಂಡ್ ಒತ್ತಿ ಬಿಟ್ಟು, ಶಿಫ್ಟ್ ಒತ್ತಿ ಬಿಟ್ಟು, ಎಸ್ ಒತ್ತಿದರೆ ಮೂರನ್ನೂ ಒಟ್ಟಿಗೆ ಅದುಮಿದ ಹಾಗೆಯೇ ಲೆಕ್ಕ. ಒತ್ತಿದ ಕೀ ಪರದೆಯ ಮೂಲೆಯಲ್ಲಿ ಕಾಣುತ್ತದೆ. ಎರಡು ಸಲ ಒತ್ತಿದರೆ ಅದು ಲಾಕ್ ಆಗಿ ಕೂರುತ್ತದೆ, ಇನ್ನೊಮ್ಮೆ ಒತ್ತಿ ಬಿಡಿಸಬೇಕು. ಹೊಸಬರು ಗಾಬರಿಯಾಗುವುದು ಇಲ್ಲೇ: "ಕಂಪ್ಯೂಟರ್ ಹುಚ್ಚಾಗಿದೆ, ಯಾವ ಅಕ್ಷರ ಒತ್ತಿದರೂ ಏನೇನೋ ಆಗುತ್ತಿದೆ" ಎಂದು ಫೋನ್ ಬರುತ್ತದೆ. ಕಮಾಂಡ್ ಲಾಕ್ ಆಗಿರುತ್ತದೆ ಅಷ್ಟೆ. ಕೈನೋವಿನವರಿಗೆ ನಾನು ಮೊದಲು ಹೇಳುವ ಸೆಟ್ಟಿಂಗ್ ಇದೇ. ಅಂಗವಿಕಲರಿಗೆ ಮಾತ್ರ ಎಂದು ಜನ ಅತ್ತ ಹೋಗುವುದೇ ಇಲ್ಲ, ಸುಮ್ನೆ ನೋವು ತಿನ್ನುತ್ತಾರೆ.

ಎರಡನೆಯ ದಾರಿ ಹೆಸರಿನಿಂದ ಹುಡುಕುವುದು. ನನ್ನ ಕೇಳಿದರೆ ನಿಮಗೆ ಇದು ಎಲ್ಲಕ್ಕಿಂತ ಹೆಚ್ಚು ಒದಗುತ್ತದೆ. ಕಮಾಂಡ್, ಶಿಫ್ಟ್, ಮತ್ತು ಪ್ರಶ್ನಾರ್ಥಕ ಚಿಹ್ನೆ ಇರುವ ಕೀ ಒಟ್ಟಿಗೆ ಒತ್ತಿ. ಹೆಲ್ಪ್ ಮೆನು ತೆರೆದು ಒಂದು ಹುಡುಕುವ ಪೆಟ್ಟಿಗೆ ಬರುತ್ತದೆ. ವರ್ಡ್ ಕೌಂಟ್ ಬೇಕೆಂದರೆ ವರ್ಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಆ ಪದ ಇರುವ ಮೆನು ಆಜ್ಞೆಗಳೆಲ್ಲ ಪಟ್ಟಿಯಾಗುತ್ತವೆ. ಕೆಳಬಾಣದಿಂದ ಬೇಕಾದ್ದರ ಮೇಲೆ ನಿಂತರೆ, ಅದು ನಿಜವಾಗಿ ಇರುವ ಮೆನು ತಾನಾಗಿ ತೆರೆದು, ಒಂದು ನೀಲಿ ಬಾಣ ಅದರತ್ತ ಬೊಟ್ಟು ಮಾಡುತ್ತದೆ. ರಿಟರ್ನ್ ಒತ್ತಿದರೆ ಆಜ್ಞೆ ನಡೆಯುತ್ತದೆ. ಪಕ್ಕದಲ್ಲಿ ನೇರ ಶಾರ್ಟ್‌ಕಟ್ ಇದ್ದರೆ ಅದೂ ಕಾಣುತ್ತದೆ, ಹಾಗಾಗಿ ಹುಡುಕುತ್ತಾ ಹುಡುಕುತ್ತಾ ಕಲಿತೂ ಆಗುತ್ತದೆ. 2007ರ ಲೆಪರ್ಡ್ ಆವೃತ್ತಿಯಿಂದ ಇದು ಮ್ಯಾಕ್‌ನಲ್ಲಿದೆ, ಆದರೂ ಹೆಲ್ಪ್ ಎಂಬ ಹೆಸರು ನೋಡಿ ಯಾರೂ ಅಲ್ಲಿಗೆ ಹೋಗುವುದಿಲ್ಲ. ವಿಂಡೋಸ್‌ನ ದಾರಿಗಿಂತ ಇದು ಒಂದು ವಿಷಯದಲ್ಲಿ ಮೇಲು. ಆಜ್ಞೆ ಯಾವ ಮೆನುವಿನಲ್ಲಿದೆ ಎಂದು ಗೊತ್ತಿರಬೇಕಾಗಿಯೇ ಇಲ್ಲ.

ಇದಕ್ಕೊಂದು ಮಿತಿ ಇದೆ. ಮೇಲಿನ ಪಟ್ಟಿಯ ಮೆನುಗಳಲ್ಲಿರುವ ಆಜ್ಞೆಗಳು ಮಾತ್ರ ಸಿಗುತ್ತವೆ. ವರ್ಡ್‌ನ ರಿಬ್ಬನ್ ಮೇಲಷ್ಟೇ ಇರುವ ಗುಂಡಿಗಳು ಇದರ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯದು ನಿಮ್ಮದೇ ಶಾರ್ಟ್‌ಕಟ್ ಮಾಡಿಕೊಳ್ಳುವುದು. ಇಲ್ಲಿ ಮ್ಯಾಕ್ ವಿಂಡೋಸ್‌ಗಿಂತ ಉದಾರಿ. ಮೆನುವಿನಲ್ಲಿರುವ ಯಾವ ಆಜ್ಞೆಗೆ ಬೇಕಾದರೂ, ಯಾವ ತಂತ್ರಾಂಶದ್ದಾದರೂ, ನೀವು ಕೀ ಕೊಡಬಹುದು. ಅದೇ ಕೀಬೋರ್ಡ್ ಶಾರ್ಟ್‌ಕಟ್ಸ್ ಕಿಟಕಿಯಲ್ಲಿ ಆ್ಯಪ್ ಶಾರ್ಟ್‌ಕಟ್ಸ್ ಎಂಬ ವಿಭಾಗ ಇದೆ. ಕೂಡಿಸುವ ಗುರುತು ಒತ್ತಿ, ತಂತ್ರಾಂಶ ಆರಿಸಿ, ಮೆನುವಿನ ಹೆಸರು ಟೈಪ್ ಮಾಡಿ, ಕೀ ಒತ್ತಿದರೆ ಮುಗಿಯಿತು. ಹೆಸರು ಮಾತ್ರ ಚಾಚೂ ತಪ್ಪದೆ ಹಾಗೇ ಇರಬೇಕು, ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ಸ್ಪೇಸ್ ಎಲ್ಲ ಸೇರಿ. ಕರಡು ತಿದ್ದುವ ಕಣ್ಣು ನಿಮ್ಮದು, ಕಷ್ಟವಾಗಲಿಕ್ಕಿಲ್ಲ. ಹೆಸರಿನ ಕೊನೆಗೆ ಮೂರು ಚುಕ್ಕಿ ಇದ್ದರೆ ಆಪ್ಷನ್ ಜೊತೆ ಅರ್ಧವಿರಾಮದ ಕೀ ಒತ್ತಿ, ಮೂರೂ ಚುಕ್ಕಿ ಒಂದೇ ಅಕ್ಷರವಾಗಿ ಬೀಳುತ್ತವೆ.

ಇದರ ಅಪಾಯಗಳನ್ನೂ ತಿಳಿದುಕೊಂಡಿರಿ. ತಂತ್ರಾಂಶ ಅಪ್‌ಡೇಟ್ ಆಗಿ ಮೆನುವಿನ ಹೆಸರು ಒಂಚೂರು ಬದಲಾದರೂ ನಿಮ್ಮ ಕೀ ಸದ್ದಿಲ್ಲದೆ ಸತ್ತುಹೋಗುತ್ತದೆ. ಮೆನುವಿನ ಭಾಷೆ ಬದಲಿಸಿದರೂ ಅಷ್ಟೆ. ಹಾಗೇ, ಬೇರೆ ಆಜ್ಞೆ ಬಳಸುತ್ತಿರುವ ಕೀಯನ್ನು ಕೊಟ್ಟರೆ ಗೊಂದಲ. ಮುಖ್ಯವಾಗಿ ಕಮಾಂಡ್+ಕ್ಯೂ ಮತ್ತು ಕಮಾಂಡ್+ಡಬ್ಲ್ಯೂ ತಂಟೆಗೆ ಹೋಗಬೇಡಿ, ಒಂದು ತಂತ್ರಾಂಶವನ್ನೇ ಮುಚ್ಚುತ್ತದೆ, ಇನ್ನೊಂದು ಕಿಟಕಿಯನ್ನು. ನಾಲ್ಕೈದು ಆಜ್ಞೆಗೆ ಕೀ ಕೊಟ್ಟುಕೊಂಡರೆ ಸಾಕು. ಇಪ್ಪತ್ತು ಕೊಟ್ಟುಕೊಂಡವರು ಕೊನೆಗೆ ಮೂರನ್ನು ಬಳಸುವುದನ್ನು ನೋಡಿದ್ದೇನೆ.

ನಿಮ್ಮ ಕೆಲಸ ವರ್ಡ್‌ನಲ್ಲಿದ್ದರೆ ಟೂಲ್ಸ್ ಮೆನುವಿನಲ್ಲಿ ಕಸ್ಟಮೈಸ್ ಕೀಬೋರ್ಡ್ ಎಂಬುದಿದೆ. ರಿಬ್ಬನ್ ಮೇಲಿನ ಆಜ್ಞೆಗಳಿಗೂ ಅಲ್ಲಿ ಕೀ ಕೊಡಬಹುದು. ಬದಲಾವಣೆ ಒಪ್ಪಿಕೊಂಡು ಮುಂದಕ್ಕೆ ಹೋಗುವುದು, ತಿರಸ್ಕರಿಸುವುದು, ಇಂಥವನ್ನು ದಿನಕ್ಕೆ ನೂರಾರು ಸಲ ಮಾಡುವವರಿಗೆ ಅದು ದೊಡ್ಡ ಉಳಿತಾಯ. ತಿದ್ದುಪಡಿ ಗುರುತಿಸುವ ಟ್ರ್ಯಾಕ್ ಚೇಂಜಸ್ ಆನ್, ಆಫ್ ಮಾಡಲು ವಿಂಡೋಸ್‌ನಲ್ಲಿ ಕಂಟ್ರೋಲ್+ಶಿಫ್ಟ್+ಇ ಇತ್ತಲ್ಲ, ಇಲ್ಲಿ ಕಮಾಂಡ್+ಶಿಫ್ಟ್+ಇ. ಟಿಪ್ಪಣಿ ಸೇರಿಸಲು ಕಮಾಂಡ್+ಆಪ್ಷನ್+ಎ. ಮೈಕ್ರೋಸಾಫ್ಟ್ 365ರ ಈಚಿನ ಮ್ಯಾಕ್ ಆವೃತ್ತಿಗಳಲ್ಲಿ ವಿಂಡೋಸ್‌ನಂತೆ ರಿಬ್ಬನ್ ಮೇಲೆ ಅಕ್ಷರ ಏಳಿಸುವ ಕೀಟಿಪ್ಸ್ ಕೂಡ ಬಂದಿದೆ. ವರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಭಾಗ ತೆರೆದು ನೋಡಿ. ನಿಮ್ಮ ಆವೃತ್ತಿಯಲ್ಲಿ ಇದ್ದರೆ ಅರ್ಧ ಚಿಂತೆ ಕಳೆಯಿತು.

ಮೆನು ಆಯಿತು, ಆಮೇಲೆ ತೆರೆಯುವ ಪೆಟ್ಟಿಗೆಗಳ ಕಥೆ? ಉಳಿಸಬೇಕೇ, ಬೇಡವೇ ಎಂದು ಕೇಳಿದಾಗ ಟ್ಯಾಬ್ ಒತ್ತಿದರೆ ಗುಂಡಿಯಿಂದ ಗುಂಡಿಗೆ ಹೋಗುವುದಿಲ್ಲ ಎಂಬುದು ಮುಂದಿನ ದೂರು. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ನ್ಯಾವಿಗೇಷನ್ ಎಂಬುದನ್ನು ಆನ್ ಮಾಡಿ, ಹೋಗುತ್ತದೆ. ಆದರೆ ಸುತ್ತ ಉಂಗುರ ಮೂಡಿದ ಗುಂಡಿಯನ್ನು ಒತ್ತಲು ಸ್ಪೇಸ್ ಕೀ ಬಳಸಬೇಕು. ರಿಟರ್ನ್ ಒತ್ತಿದರೆ ಬಣ್ಣ ತುಂಬಿರುವ ಗುಂಡಿ ಒತ್ತಿದಂತಾಗುತ್ತದೆ, ಅದು ಬೇರೆಯದೇ ಆಗಿರಬಹುದು. ಉಳಿಸಬೇಡ ಎನ್ನಲು ಹೋಗಿ ಉಳಿಸಿಬಿಡುವುದು ಹೀಗೆ. ಆಕ್ಸೆಸಿಬಿಲಿಟಿಯಲ್ಲಿ ಫುಲ್ ಕೀಬೋರ್ಡ್ ಆಕ್ಸೆಸ್ ಎಂದು ಇನ್ನೊಂದಿದೆ. ಅದು ಮೌಸ್ ಮುಟ್ಟಲೇ ಆಗದವರಿಗೆ ಮಾಡಿದ್ದು. ಬಲವಾದ ಸಾಧನ, ಆದರೆ ಟ್ಯಾಬ್ ಕೀಯ ನಡವಳಿಕೆಯನ್ನೇ ಬದಲಿಸುತ್ತದೆ. ಮೇಲಿನದು ಸಾಲದೇ ಹೋದರೆ ಮಾತ್ರ ಅತ್ತ ಹೋಗಿ.

ಹೀಗೆ ಎಫ್ ಸಾಲಿನಲ್ಲಿ ತಡಕಾಡುವಾಗ ಕಂಪ್ಯೂಟರ್ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಮಾತಾಡಲು ಶುರು ಮಾಡಿದರೆ ಹೆದರಬೇಡಿ. ಅದು ದೃಷ್ಟಿಹೀನರಿಗಾಗಿ ಇರುವ ವಾಯ್ಸ್‌ಓವರ್. ಕಮಾಂಡ್+ಎಫ್5 ತಾಗಿರುತ್ತದೆ, ಲ್ಯಾಪ್‌ಟಾಪಿನಲ್ಲಿ ಎಫ್‌ಎನ್ ಕೂಡ ಸೇರಿ. ಅದನ್ನೇ ಮತ್ತೆ ಒತ್ತಿದರೆ ಸುಮ್ಮನಾಗುತ್ತದೆ.

ಇನ್ನು ನಿಮಗೆ ಸಿಕ್ಕಿರುವ ಸಲಹೆಗಳು.

ಕಂಟ್ರೋಲ್ ಮತ್ತು ಕಮಾಂಡ್ ಅದಲುಬದಲು ಮಾಡುವುದು ಸುಲಭ, ಕೀಬೋರ್ಡ್ ಶಾರ್ಟ್‌ಕಟ್ಸ್ ಕಿಟಕಿಯ ಮಾಡಿಫೈಯರ್ ಕೀಸ್ ವಿಭಾಗದಲ್ಲಿ ಎರಡು ನಿಮಿಷದ ಕೆಲಸ. ಆದರೆ ಅದರಿಂದ ನಿಮ್ಮ ಸಮಸ್ಯೆ ಬಗೆಹರಿಯುವುದಿಲ್ಲ, ಯಾಕೆಂದರೆ ನಿಮ್ಮ ತೊಂದರೆ ಇರುವುದು ಆಲ್ಟ್‌ನಲ್ಲಿ. ಕಾಪಿ, ಪೇಸ್ಟ್ ಹಳೆಯ ಜಾಗಕ್ಕೆ ಬರುತ್ತವೆ, ಅಷ್ಟೇ ಲಾಭ. ಅದರ ಜೊತೆ ಹೊಸ ಗೊಂದಲಗಳೂ ಬರುತ್ತವೆ. ವಿಂಡೋಸ್‌ನಲ್ಲಿ ಕಂಟ್ರೋಲ್ ಹಿಡಿದು ಬಾಣ ಒತ್ತಿದರೆ ಒಂದು ಪದ ದಾಟುತ್ತಿದ್ದಿರಿ. ಮ್ಯಾಕ್‌ನಲ್ಲಿ ಪದ ದಾಟುವುದು ಆಪ್ಷನ್+ಬಾಣ. ಅದಲುಬದಲು ಮಾಡಿದ ಮೇಲೆ ನಿಮ್ಮ ಹಳೆಯ ಜೋಡಿ ಸಾಲಿನ ತುದಿಗೇ ಎಸೆಯುತ್ತದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವ ಕಮಾಂಡ್+ಟ್ಯಾಬ್ ಕಂಟ್ರೋಲ್ ಕೀಗೆ ಹೋಗುತ್ತದೆ. ಮೆನುವಿನ ಕಂಟ್ರೋಲ್+ಎಫ್2 ಕೂಡ ಕಮಾಂಡ್ ಕೀಗೆ ಹೋಗುತ್ತದೆ, ಇಲ್ಲಿ ಬರೆದಿರುವುದೆಲ್ಲ ತಲೆಕೆಳಗು. ದಿನವೂ ಆಫೀಸಿನಲ್ಲಿ ವಿಂಡೋಸ್, ಮನೆಯಲ್ಲಿ ಮ್ಯಾಕ್ ಬಳಸುವವರಿಗೆ ಇದು ಸರಿಹೋಗಬಹುದು. ನಿಮಗೆ ಬೇಡ.

ಒಂದು ಸಂದರ್ಭದಲ್ಲಿ ಮಾತ್ರ ಈ ವಿಭಾಗ ಬೇಕಾಗುತ್ತದೆ. ಹಳೆಯ ವಿಂಡೋಸ್ ಕೀಬೋರ್ಡನ್ನೇ ಮ್ಯಾಕ್‌ಗೆ ಸಿಕ್ಕಿಸಿಕೊಂಡರೆ, ಸ್ಪೇಸ್ ಪಕ್ಕದ ಆಲ್ಟ್ ಆಪ್ಷನ್ ಆಗುತ್ತದೆ, ಅದರಾಚೆಯ ವಿಂಡೋಸ್ ಕೀ ಕಮಾಂಡ್ ಆಗುತ್ತದೆ. ಮ್ಯಾಕ್‌ನ ಸ್ವಂತ ಕೀಬೋರ್ಡಿನಲ್ಲಿ ಇದು ಉಲ್ಟಾ. ಆ ಒಂದು ಕೀಬೋರ್ಡಿಗೆ ಮಾತ್ರ ಕಮಾಂಡ್, ಆಪ್ಷನ್ ಅದಲುಬದಲು ಮಾಡಿದರೆ ಬೆರಳಿನ ಜಾಗ ಎರಡರಲ್ಲೂ ಒಂದೇ ಆಗುತ್ತದೆ. ಈ ಸೆಟ್ಟಿಂಗ್ ಪ್ರತಿ ಕೀಬೋರ್ಡಿಗೂ ಬೇರೆ ಬೇರೆ ಇಟ್ಟುಕೊಳ್ಳಬಹುದು.

ಮ್ಯಾಕ್ ಒಳಗೆ ವಿಂಡೋಸ್ ಹಾಕುವುದು ದುಬಾರಿ ದಾರಿ. 2020ರ ಕೊನೆಯಿಂದ ಆಪಲ್‌ನ ಸ್ವಂತ ಚಿಪ್ ಇರುವ ಮ್ಯಾಕ್‌ಗಳು ಬರತೊಡಗಿದವು. ವಿಂಡೋಸ್ ಹಾಕಿಕೊಳ್ಳಲು ಆಪಲ್ ಹಿಂದೆ ಕೊಡುತ್ತಿದ್ದ ಬೂಟ್ ಕ್ಯಾಂಪ್ ಅವುಗಳಲ್ಲಿ ಇಲ್ಲ. ಪ್ಯಾರಲೆಲ್ಸ್‌ನಂಥ ತಂತ್ರಾಂಶ ಕೊಂಡು, ಅದರೊಳಗೆ ಆರ್ಮ್ ಚಿಪ್‌ನ (ಆಪಲ್ ಚಿಪ್ಪೂ ಅದೇ ಜಾತಿಯದು) ವಿಂಡೋಸ್ 11 ಓಡಿಸಬೇಕು. ಅದಕ್ಕೂ ದುಡ್ಡು, ವಿಂಡೋಸ್ ಲೈಸೆನ್ಸ್‌ಗೂ ದುಡ್ಡು. 2024ರ ಅಕ್ಟೋಬರ್‌ಗೆ ಮುಂಚೆ ಮ್ಯಾಕ್‌ಬುಕ್ ಏರ್‌ನ ಕಡಿಮೆ ಬೆಲೆಯ ಮಾದರಿಗಳಲ್ಲಿ 8 ಜಿಬಿ ಮೆಮೊರಿ ಇರುತ್ತಿತ್ತು. ನಿಮ್ಮದು ಅಂಥದ್ದಾದರೆ ಎರಡು ವ್ಯವಸ್ಥೆ ಒಟ್ಟಿಗೆ ಓಡಿದಾಗ ಏದುಸಿರು ಬಿಡುತ್ತದೆ. ಬರೀ ಆಲ್ಟ್ ಕೀಗೋಸ್ಕರ ಇಷ್ಟೆಲ್ಲ ಬೇಕಾಗಿಲ್ಲ. ಆದರೆ ಪ್ರಕಾಶಕರು ಇನ್ನೂ ಪುಟವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನ ಕಡತಗಳನ್ನು ಕಳಿಸುತ್ತಿದ್ದರೆ, ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲೇ ತಿದ್ದಿಕೊಡಿ ಎನ್ನುತ್ತಿದ್ದರೆ, ಆಗ ವಿಂಡೋಸ್ ಬೇಕಾದೀತು. ಅದು ಮೆನುವಿಗಿಂತ ದೊಡ್ಡ ಪ್ರಶ್ನೆ. ಮೊದಲು ಪ್ರಯೋಗದ ಅವಧಿಯಲ್ಲಿ ನಿಮ್ಮ ನಿಜವಾದ ಕಡತಗಳನ್ನು ತೆರೆದು ನೋಡಿ, ಆಮೇಲೆ ದುಡ್ಡು ಕೊಡಿ.

ಇನ್ನೊಂದು ನಂಬಿಕೆಯ ಬಗ್ಗೆಯೂ ಹೇಳಬೇಕು: ಕೀಬೋರ್ಡೇ ಯಾವಾಗಲೂ ವೇಗ ಎನ್ನುವುದು. ಆಪಲ್‌ನಲ್ಲಿ ವಿನ್ಯಾಸದ ಕೆಲಸ ಮಾಡಿದ್ದ ಬ್ರೂಸ್ ಟೊಗ್ನಜಿನಿ ಇದಕ್ಕೆ ಉಲ್ಟಾ ವಾದಿಸಿದವರು. ಕೀ ಬಳಸುವವರಿಗೆ ತಾವು ಬೇಗ ಮಾಡಿದಂತೆ ಅನಿಸುತ್ತದೆ, ಗಡಿಯಾರ ಹಿಡಿದರೆ ಮೌಸೇ ಬೇಗ ಎಂದರು. ನಾನು ಅಷ್ಟು ದೂರ ಹೋಗುವುದಿಲ್ಲ. ದಿನವೂ ಬಳಸುವ ಆಜ್ಞೆಗೆ ಕೀ ಖಂಡಿತ ಬೇಗ. ತಿಂಗಳಿಗೊಮ್ಮೆ ಬಳಸುವುದಕ್ಕೆ ಕೀ ನೆನಪು ಮಾಡಿಕೊಳ್ಳುವಷ್ಟರಲ್ಲಿ ಮೌಸ್ ಕೆಲಸ ಮುಗಿಸಿರುತ್ತದೆ. ಆದರೆ ನಿಮ್ಮ ಪ್ರಶ್ನೆ ವೇಗದ್ದಲ್ಲ, ನೋವಿನದು. ಮೌಸ್ ಮುಟ್ಟುವ ಸಲ ಕಡಿಮೆಯಾದರೆ ಸಾಕು, ಸೊನ್ನೆ ಆಗಬೇಕಾಗಿಲ್ಲ. ಎಡಗೈಯಲ್ಲಿ ಟ್ರ್ಯಾಕ್‌ಪ್ಯಾಡ್ ಬಳಸುವುದನ್ನೂ ರೂಢಿ ಮಾಡಿಕೊಳ್ಳಿ. ಕೀಗಳಿಂದಲೇ ನೋವು ಹೆಚ್ಚಾದರೆ ಡಾಕ್ಟರನ್ನು ಕೇಳಿ, ಆ ವಿಷಯದಲ್ಲಿ ನನ್ನ ಮಾತು ನಡೆಯುವುದಿಲ್ಲ.

ಕೊನೆಗೆ ಲಿನಕ್ಸ್. ಮೆನುವಿನ ವಿಷಯಕ್ಕೆ ಮಾತ್ರ ಹೇಳುವುದಾದರೆ, ಅದು ನಿಮಗೆ ಮ್ಯಾಕ್‌ಗಿಂತ ಹತ್ತಿರ. ವರ್ಡ್ ಬದಲಿಗೆ ಅಲ್ಲಿ ಬಳಸುವ ಲಿಬ್ರೆಆಫೀಸ್‌ನಲ್ಲಿ ಆಲ್ಟ್+ಎಫ್ ಒತ್ತಿದರೆ ಫೈಲ್ ಮೆನು ಇಳಿಯುತ್ತದೆ, ಗೆರೆ ಎಳೆದ ಅಕ್ಷರಗಳೂ ಇವೆ. ಫೈರ್‌ಫಾಕ್ಸ್‌ನಲ್ಲಿ ಆಲ್ಟ್ ಒಮ್ಮೆ ಒತ್ತಿ ಬಿಟ್ಟರೆ ಅಡಗಿರುವ ಮೆನು ಪಟ್ಟಿ ಬರುತ್ತದೆ. ಆದರೆ ಯಜಮಾನರು ಹಾಕಿಸಿರುವುದು ಲಿನಕ್ಸ್‌ನ ಉಬುಂಟು ಎಂಬ ಬಗೆಯಾಗಿದ್ದರೆ, ಅದರ ಗ್ನೋಮ್ ಎಂಬ ಪರದೆ ಪರಿಸರದ ಸ್ವಂತ ತಂತ್ರಾಂಶಗಳಲ್ಲಿ ಮೆನು ಪಟ್ಟಿಯೇ ಇಲ್ಲ, ಮೂರು ಗೆರೆಯ ಒಂದು ಗುಂಡಿ ಇದೆ. ಅದನ್ನು ತೆರೆಯಲು ಎಫ್10. ಬಲ ಕ್ಲಿಕ್ಕಿನ ಮೆನುವಿಗೆ ಶಿಫ್ಟ್+ಎಫ್10, ಇದು ವಿಂಡೋಸ್‌ನಲ್ಲಿದ್ದದ್ದೇ. ಹಳೆಯ ಮಾದರಿಯ ಮೆನು ಪಟ್ಟಿಗಳೇ ಇಷ್ಟವಾದರೆ ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಬಗೆ ಹೆಚ್ಚು ಒಗ್ಗುತ್ತದೆ. ಪ್ರಕಾಶಕರು ವರ್ಡ್ ಕಡತದಲ್ಲಿ ತಿದ್ದುಪಡಿ ಗುರುತುಗಳ ಸಮೇತ ವಾಪಸ್ ಕೇಳುವವರಾದರೆ, ಒಂದು ಅಧ್ಯಾಯವನ್ನು ಲಿಬ್ರೆಆಫೀಸ್‌ನಲ್ಲಿ ತಿದ್ದಿ ಅವರಿಗೆ ಕಳಿಸಿ. ಗುರುತುಗಳು, ಟಿಪ್ಪಣಿಗಳು ಅವರ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುತ್ತಿವೆಯೇ ಎಂದು ಕೇಳಿಕೊಂಡ ಮೇಲೆ ಯಾವ ಯಂತ್ರ ಎಂದು ನಿರ್ಧರಿಸಿ.